ನ್ಯಾಸಧರ್ಮವೂ ರಾಜಪ್ರತಿನಿಧಿಗಳೂ

ರಾಜ್ಯವೆಂಬುದು ಒಡೆಯನಿಲ್ಲದೆ ಒಂದು ದಿನವೂ ನಡೆಯಲಾರದು. ಆದರೆ ಒಡೆಯನಾಗಬೇಕಾದವನು ಕೆಲವೊಮ್ಮೆ ಇನ್ನೂ ಮಗುವಾಗಿರುತ್ತಾನೆ. ತಂದೆಯು ಅಕಾಲದಲ್ಲಿ ತೀರಿಕೊಂಡಾಗ ಐದಾರು ವರ್ಷದ ಬಾಲಕನನ್ನು ಸಿಂಹಾಸನದ ಮೇಲೆ ಕುಳ್ಳಿರಿಸಿ ಪಟ್ಟ ಕಟ್ಟಿದ ಪ್ರಸಂಗಗಳು ಎಲ್ಲ ದೇಶಗಳ ಚರಿತ್ರೆಯಲ್ಲಿಯೂ ದೊರೆಯುತ್ತವೆ. ಕಿರೀಟ ಅವನದು, ಮುದ್ರೆ ಅವನದು, ಬಿರುದಾವಳಿ ಅವನದು. ಆದರೆ ಕಂದಾಯ ಎತ್ತುವುದು, ಸೈನ್ಯ ನಡೆಸುವುದು, ನ್ಯಾಯ ಹೇಳುವುದು ಆ ಮಗುವಿನಿಂದ ಆಗುವ ಕೆಲಸಗಳಲ್ಲ. ಆಗ ತಾಯಿಯೋ, ಚಿಕ್ಕಪ್ಪನೋ, ಮಂತ್ರಿಯೋ ಮುಂದೆ ಬಂದು, ಅರಸನು ಪ್ರಾಪ್ತ ವಯಸ್ಕನಾಗುವವರೆಗೆ ಅವನ ಪರವಾಗಿ ರಾಜ್ಯಭಾರವನ್ನು ವಹಿಸಿಕೊಳ್ಳುತ್ತಾರೆ. ಇಂಥವರನ್ನೇ ರಾಜಪ್ರತಿನಿಧಿಗಳೆಂದು ಕರೆಯುವುದು. ರೀಜೆಂಟ್ ಎಂಬ ಆಂಗ್ಲ ಶಬ್ದವೂ ಕನ್ನಡಿಗರಿಗೆ ನೂರು ವರ್ಷಗಳಿಂದ ಪರಿಚಿತವಾಗಿದೆ.

ರಾಜಪ್ರತಿನಿಧಿಯ ಸ್ಥಿತಿ ವಿಲಕ್ಷಣವಾದುದು. ಒಡೆಯನಿಗಿರುವ ಅಧಿಕಾರವೆಲ್ಲ ಅವನಿಗೆ ಉಂಟು, ಒಡೆತನ ಮಾತ್ರ ಇಲ್ಲ. ಉಳಿದ ಉದ್ಯೋಗಗಳಲ್ಲಿ ಚೆನ್ನಾಗಿ ದುಡಿದವನ ಸ್ಥಾನ ದಿನದಿನಕ್ಕೆ ಭದ್ರವಾಗುತ್ತದೆ. ಇವನಾದರೋ ಬಾಲಕನನ್ನು ಎಷ್ಟು ಚೆನ್ನಾಗಿ ಬೆಳೆಸುತ್ತಾನೋ ಅಷ್ಟು ಬೇಗ ತಾನು ಕೆಳಗಿಳಿಯಬೇಕಾಗುತ್ತದೆ. ಆದುದರಿಂದ ಇಲ್ಲಿ ಒಂದು ನೈತಿಕ ಪ್ರಶ್ನೆ ಏಳುತ್ತದೆ. ತನ್ನದಲ್ಲದ ವಸ್ತುವನ್ನು ತನ್ನದೆಂಬಷ್ಟು ಅಕ್ಕರೆಯಿಂದ ಕಾಪಾಡುತ್ತಲೇ, ಅದು ತನ್ನದಲ್ಲವೆಂಬುದನ್ನು ಮರೆಯದೆ ಇರುವುದು ಹೇಗೆ?

ಇದು ಅರಸರ ಕಾಲದೊಡನೆ ಮುಗಿದುಹೋದ ಪ್ರಶ್ನೆಯಲ್ಲ. ತೀರಿಹೋದ ಅಣ್ಣನ ಮಕ್ಕಳ ಪಾಲನ್ನು ನೋಡಿಕೊಳ್ಳುವ ಕಾಕಾ, ಬಸದಿಯ ಹೊಲ ಮಳಿಗೆಗಳ ಉತ್ಪನ್ನವನ್ನು ಸಂಗ್ರಹಿಸುವ ಧರ್ಮದರ್ಶಿ, ಸಂಘದ ಠೇವಣಿಗಳ ಮೇಲೆ ಸಹಿ ಮಾಡುವ ಕಾರ್ಯದರ್ಶಿ, ಇವರೆಲ್ಲರೂ ಚಿಕ್ಕ ಪ್ರಮಾಣದ ರಾಜಪ್ರತಿನಿಧಿಗಳೇ. ಹೀಗಿರುವುದರಿಂದ ದೊಡ್ಡ ರಾಜ್ಯಗಳನ್ನು ಕಾದವರ ಮತ್ತು ಕಳೆದವರ ಚರಿತ್ರೆಯನ್ನು ಅವಲೋಕಿಸುವುದು ಪ್ರತಿ ಮನೆಗೂ ಉಪಯುಕ್ತವಾಗಬಲ್ಲದು.

ಶಾಸ್ತ್ರದ ದೃಷ್ಟಿಯಲ್ಲಿ ನ್ಯಾಸ

ಒಬ್ಬನು ನಂಬಿ ಮತ್ತೊಬ್ಬನಲ್ಲಿ ಇಟ್ಟುಹೋದ ದ್ರವ್ಯಕ್ಕೆ ನ್ಯಾಸವೆಂದು ಹೆಸರು. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಶ್ರಾವಕನ ಅಣುವ್ರತಗಳನ್ನೂ, ಒಂದೊಂದು ವ್ರತಕ್ಕೆ ತಗಲಬಹುದಾದ ಐದೈದು ಅತಿಚಾರಗಳನ್ನೂ ಹೇಳಲಾಗಿದೆ. ಆ ಅತಿಚಾರಗಳಲ್ಲಿ ನ್ಯಾಸಾಪಹಾರವೂ ಒಂದು. ಪೂಜ್ಯಪಾದ ಆಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಅದನ್ನು ವಿವರಿಸಿರುವ ರೀತಿ ವ್ಯಾಪಾರಸ್ಥನಿಗೆ ಕೂಡಲೇ ಮನಮುಟ್ಟುವಂಥದು. ಒಬ್ಬನು ಚಿನ್ನವೇ ಮೊದಲಾದ ದ್ರವ್ಯವನ್ನು ಇನ್ನೊಬ್ಬನಲ್ಲಿ ಇಟ್ಟಿರುತ್ತಾನೆ. ಎಷ್ಟು ಇಟ್ಟಿದ್ದನೆಂಬುದು ಕಾಲಾಂತರದಲ್ಲಿ ಅವನಿಗೇ ಮರೆತುಹೋಗುತ್ತದೆ. ಇಟ್ಟುದಕ್ಕಿಂತ ಕಡಿಮೆ ಲೆಕ್ಕವನ್ನು ಹೇಳಿ ಮರಳಿ ಕೇಳುತ್ತಾನೆ. ಇಟ್ಟುಕೊಂಡವನು ‘ಹೌದು, ಅಷ್ಟೇ’ ಎಂದು ಒಪ್ಪಿಗೆಯ ಮಾತನ್ನಾಡಿ ಉಳಿದುದನ್ನು ತನ್ನಲ್ಲಿಯೇ ಇರಿಸಿಕೊಳ್ಳುತ್ತಾನೆ. ಇದೇ ನ್ಯಾಸಾಪಹಾರ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಪರರ ದ್ರವ್ಯವನ್ನು ಉಳಿಸಿಕೊಂಡ ಈ ದೋಷವನ್ನು ಸೂತ್ರಕಾರರು ಅಚೌರ್ಯ ವ್ರತದ ಅತಿಚಾರಗಳಲ್ಲಿ ಸೇರಿಸಿಲ್ಲ. ಕಳವಿಗೆ ಪ್ರೇರಣೆ ಕೊಡುವುದು, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರುವುದು, ತೂಕ ಅಳತೆಗಳಲ್ಲಿ ಹೆಚ್ಚು ಕಡಿಮೆ ಮಾಡುವುದು, ಕಲಬೆರಕೆ ಮಾಡುವುದು, ಇವು ಅಚೌರ್ಯದ ಅತಿಚಾರಗಳು. ನ್ಯಾಸಾಪಹಾರವನ್ನು ಮಾತ್ರ ಸತ್ಯವ್ರತದ ಅತಿಚಾರಗಳಲ್ಲಿ ಇರಿಸಲಾಗಿದೆ. ಇದೇಕೆ ಹೀಗೆ? ಸ್ವಲ್ಪ ಯೋಚಿಸಿದರೆ ಔಚಿತ್ಯ ಕಾಣುತ್ತದೆ. ಕಳ್ಳನು ಗೋಡೆ ಹಾರಿ ಬರಬೇಕು, ಬೀಗ ಮುರಿಯಬೇಕು. ನ್ಯಾಸವನ್ನು ಇಟ್ಟುಕೊಂಡವನಾದರೋ ಕೈಯನ್ನು ಚಾಚಬೇಕಾಗಿಯೇ ಇಲ್ಲ. ದ್ರವ್ಯ ಮೊದಲೇ ಅವನ ಪೆಟ್ಟಿಗೆಯಲ್ಲಿದೆ, ಬೀಗದ ಕೈ ಅವನ ಸೊಂಟದಲ್ಲಿದೆ. ಅವನ ನಾಲಗೆಯೊಂದು ಅಲುಗಿದರೆ ಸಾಕು, ಪರರದು ತನ್ನದಾಗುತ್ತದೆ. ಹಾಗಾಗಿ ಅವನು ಕಾಯಬೇಕಾದುದು ಮೊದಲು ತನ್ನ ಮಾತನ್ನು. ರಾಜ್ಯಗಳ ಚರಿತ್ರೆ ಈ ಸೂತ್ರಕ್ಕೆ ಒಂದು ದೊಡ್ಡ ವ್ಯಾಖ್ಯಾನದಂತಿದೆ.

ಮಾತಿನಿಂದ ಮೊದಲಾಗುವ ಅಪಹಾರ

ಮಹಾಭಾರತದ ಕಥೆಯನ್ನೇ ನೋಡಬಹುದು. ಪಾಂಡುವು ಕಾಡಿಗೆ ತೆರಳಿ ಅಲ್ಲಿಯೇ ತೀರಿಕೊಂಡ ಮೇಲೆ ರಾಜ್ಯವು ಧೃತರಾಷ್ಟ್ರನ ಕೈಯಲ್ಲಿ ಉಳಿಯಿತು. ತಮ್ಮನ ಮಕ್ಕಳು ಬೆಳೆದರು. ಧರ್ಮರಾಜನಿಗೆ ಯುವರಾಜ ಪಟ್ಟವೂ ಆಯಿತು. ಅಲ್ಲಿಯವರೆಗೆ ದೊಡ್ಡಪ್ಪನ ನಡತೆಯಲ್ಲಿ ದೋಷವನ್ನು ಎಣಿಸುವಂತಿಲ್ಲ. ಕೊಡಬೇಕಾದ ದಿನ ಹತ್ತಿರ ಬಂದಾಗ ಅವನು ಕತ್ತಿ ಹಿಡಿಯಲಿಲ್ಲ. ವಾರಣಾವತದ ಉತ್ಸವ ಬಹು ರಮ್ಯವಾಗಿರುತ್ತದೆ, ಕೆಲವು ದಿನ ಅಲ್ಲಿ ಇದ್ದು ಸುಖವಾಗಿ ಬನ್ನಿರಿ ಎಂದು ಮೃದುವಾಗಿ ನುಡಿದನು. ಅರಗಿನ ಮನೆ, ಜೂಜು, ವನವಾಸ, ಕುರುಕ್ಷೇತ್ರ, ಎಲ್ಲವೂ ಆ ಮೃದುವಾದ ಮಾತಿನ ಹಿಂದಿನಿಂದ ಬಂದವು. ಕಾಪಾಡಲು ಕೊಟ್ಟ ರಾಜ್ಯವನ್ನು ಕಾಪಾಡಿದವನೇ ಬಿಡಲಾರದೆ ಹೋದ ಕಥೆ ಅದು.

ಇಂಗ್ಲೆಂಡಿನಲ್ಲಿ 1483ರ ಏಪ್ರಿಲ್ ತಿಂಗಳಿನಲ್ಲಿ ನಾಲ್ಕನೆಯ ಎಡ್ವರ್ಡ್ ದೊರೆ ತೀರಿಕೊಂಡಾಗ ಅವನ ಹಿರಿಯ ಮಗನಿಗೆ 12 ವರ್ಷ. ಅವನ ಚಿಕ್ಕಪ್ಪ ರಿಚರ್ಡನು ರಾಜ್ಯರಕ್ಷಕನಾಗಿ ನಿಯುಕ್ತನಾದನು. ಎರಡೇ ತಿಂಗಳುಗಳಲ್ಲಿ ಒಂದು ವಾದ ಹೊರಟಿತು. ಅಣ್ಣನ ವಿವಾಹವೇ ಕ್ರಮಬದ್ಧವಲ್ಲ, ಆದುದರಿಂದ ಈ ಮಕ್ಕಳಿಗೆ ಸಿಂಹಾಸನದ ಹಕ್ಕಿಲ್ಲ ಎಂಬುದೇ ಆ ವಾದ. ಜೂನ್ ತಿಂಗಳ ಕೊನೆಗೆ ರಕ್ಷಕನೇ ಮೂರನೆಯ ರಿಚರ್ಡ್ ಎಂಬ ದೊರೆಯಾದನು. ಲಂಡನ್ನಿನ ಗೋಪುರದಲ್ಲಿದ್ದ ಹುಡುಗನೂ ಅವನ ತಮ್ಮನೂ ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಎರಡು ವರ್ಷಗಳ ತರುವಾಯ, 1485ರಲ್ಲಿ, ಬಾಸ್ವರ್ತ್ ಕಾಳಗದಲ್ಲಿ ರಿಚರ್ಡನೂ ಮಡಿದನು. ಇಲ್ಲಿಯೂ ರಾಜ್ಯ ಕೈಬದಲಾದುದು ಮೊದಲು ಮಾತಿನಲ್ಲಿ. ‘ನಿನ್ನದಲ್ಲ’ ಎಂದು ಹೇಳಿದ ಮೇಲೆಯೇ ‘ನನ್ನದು’ ಎನ್ನಲು ಸಾಧ್ಯವಾಯಿತು.

ಇನ್ನೊಂದು ಬಗೆಯ ಮಾತು ಇನ್ನೂ ನಯವಾದುದು. ಒಂದನೆಯ ಮಹಾಯುದ್ಧದ ತರುವಾಯ ಹಂಗೇರಿ ದೇಶವು ತಾನು ರಾಜ್ಯವೆಂದೇ ಹೇಳಿಕೊಂಡು, ಅರಸನಿಲ್ಲದ ಕಾರಣ 1920ರಲ್ಲಿ ನೌಕಾಪಡೆಯ ಅಧಿಪತಿಯಾಗಿದ್ದ ಹೋರ್ತಿ ಎಂಬವರನ್ನು ರಾಜಪ್ರತಿನಿಧಿಯನ್ನಾಗಿ ಆರಿಸಿತು. ಪಟ್ಟಾಭಿಷಿಕ್ತನಾದ ಅರಸ ನಾಲ್ಕನೆಯ ಚಾರ್ಲ್ಸ್ ಬದುಕಿಯೇ ಇದ್ದನು. ಅವನು 1921ರಲ್ಲಿ ಎರಡು ಸಲ ಹಿಂದಿರುಗಿ ಬಂದು ತನ್ನ ಸ್ಥಾನವನ್ನು ಕೇಳಿದನು. ಎರಡು ಸಲವೂ ಕಾಲ ಅನುಕೂಲವಾಗಿಲ್ಲವೆಂದು ಅವನನ್ನು ಮರಳಿ ಕಳುಹಿಸಲಾಯಿತು. ಕಾರಣ ಪೂರ್ತಿ ಸುಳ್ಳಲ್ಲ. ನೆರೆಯ ರಾಷ್ಟ್ರಗಳು ಯುದ್ಧಕ್ಕೆ ಸಿದ್ಧವಾಗಿದ್ದವು. ಆದರೆ ಆ ಅನುಕೂಲ ಕಾಲ ಎಂದೂ ಬರಲಿಲ್ಲ. ಅರಸನು 1922ರಲ್ಲಿ ಪರದೇಶದಲ್ಲಿ ತೀರಿಕೊಂಡನು. ಅರಸನಿಲ್ಲದ ರಾಜ್ಯದ ಪ್ರತಿನಿಧಿ 1944ರವರೆಗೆ ಅಧಿಕಾರದಲ್ಲಿಯೇ ಇದ್ದರು. ‘ಇಲ್ಲ’ ಎನ್ನುವುದಕ್ಕಿಂತ ‘ಈಗ ಬೇಡ’ ಎನ್ನುವುದು ಸುಲಭ, ಮತ್ತು ಅದನ್ನು ಪ್ರತಿವರ್ಷವೂ ಹೇಳಬಹುದು.

ಕಾದು ಹಿಂದಿರುಗಿಸಿದವರು

ಚರಿತ್ರೆಯಲ್ಲಿ ಇದಕ್ಕೆ ವಿರುದ್ಧವಾದ ಉದಾಹರಣೆಗಳೂ ಇವೆ. ಸುಮಾರು ಮೂರು ಸಾವಿರ ವರ್ಷಗಳ ಹಿಂದೆ ಚೀನಾ ದೇಶದ ಝೌ ವಂಶದಲ್ಲಿ ಅರಸನು ತೀರಿಕೊಂಡಾಗ ಅವನ ತಮ್ಮನು ಬಾಲಕನಾದ ಅಣ್ಣನ ಮಗನ ಪರವಾಗಿ ಏಳು ವರ್ಷ ಆಳಿ, ದಂಗೆಗಳನ್ನು ಅಡಗಿಸಿ, ಬಳಿಕ ರಾಜ್ಯವನ್ನು ಆ ಹುಡುಗನಿಗೇ ಒಪ್ಪಿಸಿ ಕೆಳಗಿಳಿದನೆಂದು ಅಲ್ಲಿಯ ಪರಂಪರೆ ಹೇಳುತ್ತದೆ. ಅನೇಕ ಶತಮಾನಗಳ ತರುವಾಯ ಬಂದ ಕನ್‌ಫ್ಯೂಷಿಯಸನು ತನ್ನ ಆದರ್ಶ ಪುರುಷರಲ್ಲಿ ಇವನನ್ನು ಎಣಿಸಿದನು. ದೇಶ ಗೆದ್ದವರು ಅಲ್ಲಿ ಹಲವರಿದ್ದರು. ಕೊಟ್ಟು ಕೆಳಗಿಳಿದವನನ್ನು ಜನ ಹೆಚ್ಚು ಕಾಲ ನೆನೆದರು.

ಕನ್ನಡ ನಾಡಿನ ಚರಿತ್ರೆಯಲ್ಲಿ, ಅದರಲ್ಲಿಯೂ ಜೈನ ಸಮಾಜಕ್ಕೆ ಅತ್ಯಂತ ಪ್ರಿಯನಾದ ಅರಸನ ಬಾಲ್ಯದಲ್ಲಿ, ಇಂಥದೇ ಪ್ರಸಂಗ ಉಂಟು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಗೋವಿಂದನು ಕ್ರಿ.ಶ. 814ರಲ್ಲಿ ತೀರಿಕೊಂಡಾಗ ಅವನ ಮಗ ಅಮೋಘವರ್ಷ ನೃಪತುಂಗನು ಇನ್ನೂ ಬಾಲಕ. ರಾಜ್ಯದ ರಕ್ಷಣೆ ಅವನ ದಾಯಾದಿ ಅಣ್ಣನಾದ ಕರ್ಕ ಸುವರ್ಣವರ್ಷನ ಮೇಲೆ ಬಿದ್ದಿತು. ಕರ್ಕನು ಗೋವಿಂದನ ತಮ್ಮ ಇಂದ್ರನ ಮಗ. ದಕ್ಷಿಣ ಗುಜರಾತಿನ ಲಾಟ ದೇಶವನ್ನು ಆಳುತ್ತಿದ್ದವನು. ಕೆಲವೇ ವರ್ಷಗಳಲ್ಲಿ ಸಾಮಂತರೂ ಬಂಧುಗಳೂ ದಂಗೆಯೆದ್ದು ಬಾಲಕನ ಸಿಂಹಾಸನವೇ ಅಲುಗಿತು. ಆಗ ಕರ್ಕನ ಕೈಯಲ್ಲಿ ಸೈನ್ಯವಿತ್ತು, ಮೈಯಲ್ಲಿ ಅದೇ ವಂಶದ ರಕ್ತವಿತ್ತು, ಎದುರಿಗೆ ಇದ್ದುದು ದಿಕ್ಕಿಲ್ಲದ ಹುಡುಗ. ಕರ್ಕನು ದಂಗೆಕೋರರನ್ನು ಸೋಲಿಸಿ ಅಮೋಘವರ್ಷನನ್ನೇ ಮತ್ತೆ ಪಟ್ಟದಲ್ಲಿ ನಿಲ್ಲಿಸಿದನು. ಶಕ 743, ಅಂದರೆ ಕ್ರಿ.ಶ. 821ರ ಸೂರತ್ ತಾಮ್ರಶಾಸನದಲ್ಲಿ ಈ ಸಂಗತಿ ತಿಳಿದುಬರುತ್ತದೆ. ಅದೇ ಶಾಸನವು ನಾಗಸಾರಿಕೆಯ, ಅಂದರೆ ಇಂದಿನ ನವಸಾರಿಯ, ಜಿನಾಲಯಕ್ಕೆ ಸಂಬಂಧಿಸಿದ ಸೇನ ಸಂಘದ ಮುನಿಗಳಿಗೆ ಕರ್ಕನು ಕೊಟ್ಟ ಭೂದಾನವನ್ನೂ ದಾಖಲಿಸುತ್ತದೆ.

ಆ ಬಾಲಕನು ಮುಂದೆ ಮಾನ್ಯಖೇಟದಿಂದ ಕ್ರಿ.ಶ. 878ರವರೆಗೆ, ಅರವತ್ತಕ್ಕೂ ಹೆಚ್ಚು ವರ್ಷ ಆಳಿದನು. ಕವಿರಾಜಮಾರ್ಗ ಅವನ ಆಸ್ಥಾನದಲ್ಲಿ ಹುಟ್ಟಿತು. ಆದಿಪುರಾಣವನ್ನು ರಚಿಸಿದ ಜಿನಸೇನ ಆಚಾರ್ಯರ ಪಾದಗಳಿಗೆ ಅವನು ಎರಗಿದನೆಂದು ಅವರ ಶಿಷ್ಯ ಗುಣಭದ್ರರು ಹೇಳಿದ್ದಾರೆ. ರಾಜ್ಯವನ್ನು ಅವನು ಒಂದಕ್ಕಿಂತ ಹೆಚ್ಚು ಸಲ ತೊರೆದನೆಂದು ಸಂಜಾನ್ ತಾಮ್ರಶಾಸನವು ಸ್ತುತಿಸುತ್ತದೆ. ತನ್ನ ಪಟ್ಟವನ್ನು ಇನ್ನೊಬ್ಬನು ಆಸೆಪಡದೆ ಕಾದುಕೊಟ್ಟುದನ್ನು ಬಾಲ್ಯದಲ್ಲಿಯೇ ಕಂಡವನಿಗೆ, ಪಟ್ಟವು ಇಟ್ಟುಕೊಳ್ಳುವ ವಸ್ತುವಲ್ಲವೆಂಬ ಭಾವನೆ ಬಂದುದು ಸಹಜವೇ ಇರಬಹುದು. ಕವಿಗಳ ಕಾವ್ಯಗಳನ್ನೂ ಅರಸನ ಕೀರ್ತಿಯನ್ನೂ ಎಲ್ಲರೂ ಬಲ್ಲರು. ಕರ್ಕನ ಹೆಸರು ಶಾಸನ ಓದುವವರಿಗೆ ಮಾತ್ರ ಗೊತ್ತು. ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಕರ್ಕನ ಮಗ ಧ್ರುವನ ಕಾಲಕ್ಕೆ ಲಾಟಕ್ಕೂ ಮಾನ್ಯಖೇಟಕ್ಕೂ ವೈರ ಬೆಳೆದು, ಧ್ರುವನು ಚಕ್ರವರ್ತಿಯ ಸೈನ್ಯದ ವಿರುದ್ಧ ಕಾದಾಡಿ ಮಡಿದನು. ತಂದೆ ಪಾಲಿಸಿದ ನ್ಯಾಸಧರ್ಮವು ಮಗನಿಗೆ ಆಸ್ತಿಯಂತೆ ತಾನಾಗಿ ಬರುವುದಿಲ್ಲ. ಅದನ್ನು ಪ್ರತಿ ತಲೆಮಾರೂ ಹೊಸದಾಗಿ ಕಲಿಯಬೇಕು.

ಈಚಿನ ಕಾಲದಲ್ಲಿ ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಚರಿತ್ರೆ ಸ್ಮರಣೀಯವಾದುದು. ಹತ್ತನೆಯ ಚಾಮರಾಜ ಒಡೆಯರು 1894ರ ಡಿಸೆಂಬರಿನಲ್ಲಿ ಕಲಕತ್ತೆಯಲ್ಲಿ ಅಕಸ್ಮಾತ್ತಾಗಿ ತೀರಿಕೊಂಡಾಗ ಹಿರಿಯ ಮಗ ಕೃಷ್ಣರಾಜರಿಗೆ 10 ವರ್ಷ, ತಾಯಿಗೆ ಮೂವತ್ತೂ ಆಗಿರಲಿಲ್ಲ. ವಾಣೀವಿಲಾಸ ಸನ್ನಿಧಾನವೆಂದು ಹೆಸರಾದ ಅವರು 1895ರಿಂದ ರೀಜೆಂಟರಾಗಿ, ದಿವಾನ್ ಶೇಷಾದ್ರಿ ಅಯ್ಯರರ ಸಹಾಯದಿಂದ ರಾಜ್ಯವನ್ನು ನಡೆಸಿದರು. ಆ ಅವಧಿಯಲ್ಲಿ ಬಂದ ಕಷ್ಟಗಳು ಸಾಮಾನ್ಯವಲ್ಲ. 1897ರಲ್ಲಿ ಮಗಳ ವಿವಾಹ ಕಾಲದಲ್ಲಿಯೇ ಅರಮನೆ ಬೆಂಕಿಗೆ ಆಹುತಿಯಾಯಿತು. 1898ರಲ್ಲಿ ಪ್ಲೇಗು ಬಂದಿತು. ಆದರೂ ಅದೇ ವರ್ಷ ವೇದಾವತಿ ನದಿಗೆ ಮಾರಿಕಣಿವೆಯ ಅಣೆಕಟ್ಟಿನ ಕೆಲಸ ಮೊದಲಾಯಿತು. 1902ರ ಜೂನ್ ತಿಂಗಳಲ್ಲಿ ಶಿವನಸಮುದ್ರದ ವಿದ್ಯುತ್ತು 90 ಮೈಲಿಗೂ ಹೆಚ್ಚು ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1902ರ ಆಗಸ್ಟ್ 8ರಂದು 18 ವರ್ಷ ತುಂಬಿದ ಮಗನಿಗೆ ಅಧಿಕಾರವನ್ನು ಒಪ್ಪಿಸಲಾಯಿತು. ಅಣೆಕಟ್ಟು ಪೂರ್ಣವಾದುದು 1907ರಲ್ಲಿ, ಮಗನ ಆಳ್ವಿಕೆಯಲ್ಲಿ. ತಾಯಿಯವರು 1934ರವರೆಗೆ ಬದುಕಿದ್ದರು. ಅಧಿಕಾರದಲ್ಲಿದ್ದುದು ಏಳು ವರ್ಷ, ಅಧಿಕಾರವನ್ನು ಬಿಟ್ಟು ಬದುಕಿದ್ದುದು 32 ವರ್ಷ. ಆ 32 ವರ್ಷಗಳ ಮೌನವೂ ಏಳು ವರ್ಷಗಳ ಕಾರ್ಯದಷ್ಟೇ ಗೌರವಕ್ಕೆ ಪಾತ್ರವಾದುದು.

ಸುಲಭವಲ್ಲದ ಪ್ರಶ್ನೆಗಳು

ಕಾಯುವವನಿಗೆ ಮನಸ್ಸು ಶುದ್ಧವಾಗಿದ್ದರೆ ಸಾಕೇ? ಸೊಲ್ಲಾಪುರದ ಕೋಟೆಯನ್ನು ಬಳುವಳಿಯಾಗಿ ತಂದು ವಿಜಾಪುರಕ್ಕೆ ಸೊಸೆಯಾಗಿ ಬಂದ ಚಾಂದಬೀಬಿಯ ಕಥೆ ಸಾಲದೆಂದು ಹೇಳುತ್ತದೆ. ಪತಿ ಒಂದನೆಯ ಅಲಿ ಆದಿಲಶಹಾ 1580ರಲ್ಲಿ ಕೊಲೆಯಾದಾಗ ಪಟ್ಟಕ್ಕೆ ಬಂದ ಇಬ್ರಾಹಿಮನಿಗೆ ಒಂಬತ್ತು ವರ್ಷ. ಅವನ ಹೆಸರಿನಲ್ಲಿ ಅಧಿಕಾರ ನಡೆಸಲು ಸರದಾರರು ಒಬ್ಬರಾದ ಮೇಲೊಬ್ಬರು ಹೊಡೆದಾಡಿದರು. ಹುಡುಗನ ಹಿತವನ್ನು ಬಯಸಿದ ಆಕೆಯನ್ನು ಅವರಲ್ಲೊಬ್ಬನು ಸಾತಾರದ ಕೋಟೆಯಲ್ಲಿ ಸೆರೆಯಿಟ್ಟನು. ಮುಂದೆ ತವರಾದ ಅಹಮದನಗರದಲ್ಲಿ ಇನ್ನೊಬ್ಬ ಬಾಲಕನ ಪರವಾಗಿ ನಿಂತು, 1595ರಲ್ಲಿ ಮೊಗಲರ ಮುತ್ತಿಗೆಯನ್ನು ಆಕೆ ಎದುರಿಸಿದಳು. ಕೊನೆಗೆ 1600ರಲ್ಲಿ ಸಂಧಿಯ ಯೋಚನೆ ಮಾಡಿದಳೆಂಬ ಕಾರಣಕ್ಕೆ ತನ್ನ ಕಡೆಯವರಿಂದಲೇ ಹತಳಾದಳು. ಪರರ ವಸ್ತುವನ್ನು ಕಾಯುವವನು ಸಂಶಯಕ್ಕೂ ಗುರಿಯಾಗಬೇಕಾಗುತ್ತದೆ. ಪ್ರಾಮಾಣಿಕನಾಗಿರುವುದರ ಜೊತೆಗೆ, ಪ್ರಾಮಾಣಿಕತೆ ಎಲ್ಲರಿಗೂ ಕಾಣುವಂತೆ ಲೆಕ್ಕವನ್ನು ತೆರೆದಿಡಬೇಕೆಂಬ ಪಾಠ ಇಲ್ಲಿದೆ.

ಎರಡನೆಯ ಪ್ರಶ್ನೆ ಶ್ರಮಕ್ಕೆ ಸಂಬಂಧಿಸಿದುದು. ಮುಳುಗುವುದನ್ನು ತಾನೇ ಉಳಿಸಿದವನಿಗೆ ಅದರಲ್ಲಿ ಹಕ್ಕಿಲ್ಲವೇ? 1700ರಲ್ಲಿ ರಾಜಾರಾಮ ಮಹಾರಾಜರು ತೀರಿಕೊಂಡಾಗ ಇಪ್ಪತ್ತೈದರ ಆಸುಪಾಸಿನ ತಾರಾಬಾಯಿಯವರು ನಾಲ್ಕು ವರ್ಷದ ಮಗನಿಗೆ ಪಟ್ಟ ಕಟ್ಟಿ, ಔರಂಗಜೇಬನ ಇಡೀ ಸೈನ್ಯವನ್ನು ಏಳು ವರ್ಷ ಎದುರಿಸಿದರು. ಆ ಶೌರ್ಯಕ್ಕೆ ಮಹಾರಾಷ್ಟ್ರವೇ ಋಣಿ. ಆದರೆ 1707ರಲ್ಲಿ ಬಾದಶಹನು ತೀರಿಕೊಂಡು, ಹದಿನೆಂಟು ವರ್ಷ ಸೆರೆಯಲ್ಲಿದ್ದ ಶಾಹು ಮಹಾರಾಜರು ಬಿಡುಗಡೆಯಾಗಿ ಬಂದಾಗ, ಬಂದವನು ನಿಜವಾದ ಶಾಹುವಲ್ಲವೆಂಬ ಮಾತು ಹುಟ್ಟಿತು. ರಾಜ್ಯ ಎರಡಾಯಿತು. 1714ರಲ್ಲಿ ತಾರಾಬಾಯಿಯವರೂ ಅವರ ಮಗನೂ ಮನೆಯವರಿಂದಲೇ ಪದಚ್ಯುತರಾದರು. ಅವರ ಕಡೆಗೂ ನ್ಯಾಯವಿರಲಿಲ್ಲವೆಂದು ಹೇಳಲಾಗದು. ಸಂಭಾಜಿ ಮಹಾರಾಜರ ತರುವಾಯ ಕಳೆದುಹೋಗುತ್ತಿದ್ದುದನ್ನು ಉಳಿಸಿದವರು ತಾವೆಂಬ ವಾದ ದುರ್ಬಲವಲ್ಲ. ಆದರೂ ಆ ವಾದವನ್ನು ಗೆಲ್ಲಿಸಲು ‘ಇವನು ಅವನಲ್ಲ’ ಎನ್ನಬೇಕಾಗಿ ಬಂದುದೇ ಅದರ ಕೊರತೆಯನ್ನು ತೋರಿಸುತ್ತದೆ. ಶ್ರಮಕ್ಕೆ ಕೃತಜ್ಞತೆ ಸಲ್ಲಬೇಕು, ಕೂಲಿಯೂ ಸಲ್ಲಬೇಕು. ಆದರೆ ಶ್ರಮವು ಒಡೆತನದ ಕಾಗದವಾಗಲಾರದು.

ಮೂರನೆಯದು, ಏನನ್ನು ಕಾಯಬೇಕೆಂಬ ಪ್ರಶ್ನೆ. 1799ರಲ್ಲಿ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾದಾಗ ಪೂರ್ಣಯ್ಯನವರು ದಿವಾನರಾಗಿ ಹನ್ನೆರಡು ವರ್ಷ ಆಡಳಿತ ನಡೆಸಿ, ತುಂಬಿದ ಬೊಕ್ಕಸವನ್ನು ಒಪ್ಪಿಸಿದರು. ಆದರೆ 1831ರಲ್ಲಿ ಆಡಳಿತ ಕೆಟ್ಟಿತೆಂಬ ಕಾರಣವನ್ನು ಮುಂದೆ ಮಾಡಿ ಬ್ರಿಟಿಷರು ರಾಜ್ಯವನ್ನು ತಮ್ಮ ವಶಕ್ಕೆ ತೆಗೆದುಕೊಂಡರು. ಅದು ವಂಶಕ್ಕೆ ಮರಳಿದುದು ಐವತ್ತು ವರ್ಷಗಳ ಮೇಲೆ, 1881ರಲ್ಲಿ. ಇದರ ಹೊಣೆ ಇಂಥವರದೇ ಎಂದು ಒಬ್ಬರ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೆ ಬೊಕ್ಕಸವನ್ನು ತುಂಬಿಕೊಟ್ಟರೆ ಕರ್ತವ್ಯ ಮುಗಿಯಿತೇ ಎಂಬ ಪ್ರಶ್ನೆಯನ್ನು ಇದು ಎತ್ತುತ್ತದೆ. ಬೊಕ್ಕಸವೂ ನ್ಯಾಸ, ಅದನ್ನು ಮುಂದೆ ಹಿಡಿಯಬೇಕಾದ ಹುಡುಗನೂ ನ್ಯಾಸ. ಹುಡುಗನಿಗೆ ಲೆಕ್ಕ ಕಲಿಸದೆ ಶಿಲ್ಕನ್ನು ಮಾತ್ರ ಹೆಚ್ಚಿಸಿದವನು ಅರ್ಧ ಕೆಲಸ ಮಾಡಿದಂತೆ. ಕೆಂಪನಂಜಮ್ಮಣ್ಣಿಯವರು ಮಗನ ಶಿಕ್ಷಣಕ್ಕೆ ಕೊಟ್ಟ ಮಹತ್ವವನ್ನು ಇದರೊಡನೆ ಇಟ್ಟು ನೋಡಬೇಕು.

ನಾಲ್ಕನೆಯದು, ಕಾಯುವವನು ಹೊಸದೇನನ್ನೂ ಮಾಡಬಾರದೇ ಎಂಬುದು. ತಿರುವಾಂಕೂರಿನಲ್ಲಿ 1924ರಿಂದ 1931ರವರೆಗೆ ಬಾಲಕ ಮಹಾರಾಜರ ಪರವಾಗಿ ಆಳಿದ ಸೇತು ಲಕ್ಷ್ಮೀಬಾಯಿಯವರು 1925ರಲ್ಲಿ ದೇವಾಲಯಗಳಲ್ಲಿ ಪ್ರಾಣಿಬಲಿಯನ್ನು ನಿಷೇಧಿಸಿದರು. ತನ್ನದಲ್ಲದ ರಾಜ್ಯದಲ್ಲಿ, ತಾತ್ಕಾಲಿಕವಾದ ಅಧಿಕಾರದಲ್ಲಿ, ಬಹುಕಾಲದ ರೂಢಿಯನ್ನು ನಿಲ್ಲಿಸುವುದು ಯುಕ್ತವೇ ಎಂದು ಯಾರಾದರೂ ಕೇಳಬಹುದು. ಮರಳಿ ಪಡೆಯುವವನಿಗೆ ಅದರಿಂದ ಕುಂದು ಬರುವುದೋ, ಹಿರಿಮೆ ಬರುವುದೋ ಎಂಬುದನ್ನು ನೋಡಿ ಉತ್ತರಿಸಬೇಕು. ಅವರು ತಡೆದ ಹಿಂಸೆಯಿಂದ ಯಾವ ಒಡೆಯನ ಪಾಲೂ ಕಡಿಮೆಯಾಗಲಿಲ್ಲ. ಅವಧಿ ಮುಗಿದಾಗ ಅವರು ಅಧಿಕಾರವನ್ನು ಬಿಟ್ಟುಕೊಟ್ಟರು. ಮುಂದೆ ಬೆಂಗಳೂರಿಗೆ ಬಂದು ನೆಲೆಸಿ, 1985ರಲ್ಲಿ ಅಲ್ಲಿಯೇ ಕೊನೆಯುಸಿರೆಳೆದರು. ನ್ಯಾಸವನ್ನು ಇಟ್ಟುಕೊಂಡವನು ಕೈಕಟ್ಟಿ ಕುಳಿತಿರಬೇಕೆಂದು ಧರ್ಮ ಹೇಳುವುದಿಲ್ಲ. ಮಾಡಿದ ಒಳಿತಿಗೆ ಬೆಲೆಯಾಗಿ ನ್ಯಾಸವನ್ನೇ ಇಟ್ಟುಕೊಳ್ಳಬಾರದೆಂದು ಮಾತ್ರ ಹೇಳುತ್ತದೆ.

ಮನೆ, ಅಂಗಡಿ, ಬಸದಿ

ಈಗ ಅರಸರಿಲ್ಲ, ಬಾಲಕ ರಾಜರೂ ಇಲ್ಲ. ಆದರೆ ಕೂಡುಕುಟುಂಬದ ಅಂಗಡಿಯೊಂದನ್ನು ಊಹಿಸಬಹುದು. ಅಣ್ಣ ತಮ್ಮಂದಿರು ಸೇರಿ ನಡೆಸಿದ ವ್ಯಾಪಾರ. ಅಣ್ಣ ಅಕಸ್ಮಾತ್ತಾಗಿ ತೀರಿಕೊಳ್ಳುತ್ತಾನೆ. ಮಗನಿಗೆ ಆರು ವರ್ಷ. ತಮ್ಮನು ಹಗಲಿರುಳು ದುಡಿದು ಅಂಗಡಿಯನ್ನು ಉಳಿಸುತ್ತಾನೆ, ಅತ್ತಿಗೆಯನ್ನು ಗೌರವದಿಂದ ಕಾಣುತ್ತಾನೆ, ಹುಡುಗನನ್ನು ಓದಿಸುತ್ತಾನೆ. ಹದಿನೈದು ವರ್ಷ ಅವನ ನಡತೆಯಲ್ಲಿ ಒಂದು ಕಲೆಯೂ ಇಲ್ಲ. ಹುಡುಗನಿಗೆ ಹದಿನೆಂಟು ತುಂಬಿದಾಗ ‘ಇನ್ನೂ ಓದಲಿ’ ಎನ್ನುತ್ತಾನೆ. ಇಪ್ಪತ್ತಕ್ಕೆ ‘ಪೇಟೆ ಇಳಿದಿದೆ, ಈ ವರ್ಷ ಬೇಡ’ ಎನ್ನುತ್ತಾನೆ. ಎರಡು ಮಾತುಗಳೂ ನಿಜವೇ ಆಗಿರಬಹುದು. ಒಂದು ದಿನ ಹುಡುಗನು ಸಂಕೋಚದಿಂದ, ‘ಕಾಕಾ, ಅಪ್ಪನ ಹೆಸರಿನಲ್ಲಿ ಒಂದಿಷ್ಟು ಇತ್ತಂತೆ, ನಾಲ್ಕಾಣೆ ಪಾಲು ಇದ್ದೀತೇ?’ ಎಂದು ಕೇಳುತ್ತಾನೆ. ಅವನಿಗೆ ಲೆಕ್ಕ ಗೊತ್ತಿಲ್ಲ. ಇದ್ದುದು ಎಂಟಾಣೆ ಪಾಲೆಂಬುದು ಹಳೆಯ ಖಾತೆವಹಿಯಲ್ಲಿ ಬರೆದಿದೆ, ಮತ್ತು ಆ ವಹಿ ಕಾಕಾನ ಕಪಾಟಿನಲ್ಲಿದೆ.

ಪೂಜ್ಯಪಾದರು ಹದಿನಾಲ್ಕು ನೂರು ವರ್ಷಗಳಿಗೂ ಹಿಂದೆ ಕೊಟ್ಟ ಉದಾಹರಣೆ ಇದೇ ಕ್ಷಣದ್ದು. ಆ ಹದಿನೈದು ವರ್ಷಗಳ ದುಡಿಮೆ, ಆ ಕಣ್ಣೀರು, ಆ ಕೀರ್ತಿ ಎಲ್ಲವೂ ಈಗ ಎರಡು ಶಬ್ದಗಳ ಮೇಲೆ ನಿಂತಿವೆ. ‘ಹೌದು, ಅಷ್ಟೇ’ ಎಂದರೆ ಯಾರಿಗೂ ತಿಳಿಯುವುದಿಲ್ಲ. ಹುಡುಗನು ಕಾಲಿಗೆರಗಿ ಹೋಗುತ್ತಾನೆ. ಎದ್ದು ಕಪಾಟು ತೆರೆದು, ವಹಿಯನ್ನು ತೆಗೆದು ಅವನ ಮುಂದೆ ಇಟ್ಟರೆ ತನ್ನ ಮಕ್ಕಳ ಪಾಲು ಕಡಿಮೆಯಾಗುತ್ತದೆ. ಅಮೋಘವರ್ಷನ ಎದುರಿಗೆ ನಿಂತ ಕರ್ಕನ ಪರೀಕ್ಷೆ ಇದಕ್ಕಿಂತ ಬೇರೆಯಾಗಿರಲಿಲ್ಲ. ಅಪ್ರಾಪ್ತರ ಸ್ಥಿರಾಸ್ತಿಯನ್ನು ಪೋಷಕನು ನ್ಯಾಯಾಲಯದ ಅನುಮತಿಯಿಲ್ಲದೆ ಮಾರಬಾರದೆಂದು 1956ರ ಕಾಯದೆ ಹೇಳುತ್ತದೆ, ಅದು ಒಳ್ಳೆಯದು. ಆದರೆ ಮಾರದೆಯೇ, ಒಂದು ಮಾತಿನಿಂದ ಮರೆಸಿಬಿಡುವುದನ್ನು ಯಾವ ಕಾಯದೆಯೂ ಹಿಡಿಯಲಾರದು. ಅಲ್ಲಿ ಕಾವಲಿಗೆ ಇರುವುದು ವ್ರತವೊಂದೇ.

ಬಸದಿಯ ಆಸ್ತಿಯ ವಿಷಯದಲ್ಲಿ ಪ್ರಶ್ನೆ ಇನ್ನೂ ಗಹನವಾಗುತ್ತದೆ. ಕನ್ನಡದಲ್ಲಿ ಧರ್ಮದರ್ಶಿಯೆಂದೂ, ಮರಾಠಿಯಲ್ಲಿ ವಿಶ್ವಸ್ತನೆಂದೂ ಕರೆಯಿಸಿಕೊಳ್ಳುವವನು ಕಾಯುವ ಒಡೆಯನು ಎಂದೂ ಪ್ರಾಪ್ತ ವಯಸ್ಕನಾಗಿ ಬಂದು ಲೆಕ್ಕ ಕೇಳುವುದಿಲ್ಲ. ವೀತರಾಗನಿಗೆ ಆಸ್ತಿ ಬೇಕಾಗಿಯೂ ಇಲ್ಲ. ದಾನ ಕೊಟ್ಟ ಹಿರಿಯರು ತೀರಿಹೋಗಿದ್ದಾರೆ. ಯಾರಿಗಾಗಿ ಕೊಟ್ಟರೋ ಆ ಮುಂದಿನ ತಲೆಮಾರು ಇನ್ನೂ ಹುಟ್ಟಿಲ್ಲ. ಕೇಳುವವರಿಲ್ಲದ ನ್ಯಾಸವೇ ಅತ್ಯಂತ ಭಾರವಾದುದು. ಆದುದರಿಂದ ಇಲ್ಲಿ ಮೂರು ಕಟ್ಟುಗಳನ್ನು ಕಾಯುವವನೇ ತನಗೆ ಹಾಕಿಕೊಳ್ಳಬೇಕು. ಬಿಡುವ ದಿನವನ್ನು ವಹಿಸಿಕೊಳ್ಳುವ ದಿನವೇ ಗೊತ್ತುಮಾಡಿಕೊಳ್ಳಬೇಕು. ಯಾರೂ ಕೇಳುವ ಮೊದಲೇ ಪೂರ್ತಿ ಲೆಕ್ಕವನ್ನು ಹತ್ತು ಜನರ ಮುಂದೆ ಓದಬೇಕು. ಮುಂದೆ ಬರುವವರನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಕೆಲಸ ಕಲಿಸಬೇಕು. ತರುಣರಿಗೆ ಅನುಭವವಿಲ್ಲವೆಂಬ ಮಾತು ಇಪ್ಪತ್ತು ವರ್ಷಗಳಿಂದ ಕೇಳಿಬರುತ್ತಿದ್ದರೆ, ಅದು ತರುಣರ ದೋಷವೋ ಹಿರಿಯರದೋ ಎಂಬುದನ್ನು ಹಿರಿಯರೇ ಯೋಚಿಸಬೇಕಾಗುತ್ತದೆ.

ಹತ್ತನೆಯ ಶತಮಾನದ ಆದಿಯಲ್ಲಿ, ರಾಷ್ಟ್ರಕೂಟ ಎರಡನೆಯ ಕೃಷ್ಣನ ಆಳ್ವಿಕೆಯಲ್ಲಿ, ಬನವಾಸಿ ನಾಡಿನ ನಾಗರಖಂಡ ಎಪ್ಪತ್ತರ ನಾಳ್ಗಾವುಂಡನು ತೀರಿಕೊಂಡಾಗ ಅವನ ಸ್ಥಾನ ಪತ್ನಿ ಜಕ್ಕಿಯಬ್ಬೆಗೆ ಬಂದಿತು. ಜಿನಭಕ್ತೆಯಾದ ಆಕೆ ಅದನ್ನು ಸಮರ್ಥವಾಗಿ ನಿರ್ವಹಿಸಿದಳೆಂದು ಶಾಸನ ಹೊಗಳುತ್ತದೆ. ದೇಹಕ್ಕೆ ವ್ಯಾಧಿ ಬಂದಾಗ ಆಕೆ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಬಂದಣಿಕೆಯ ತೀರ್ಥಕ್ಕೆ ಬಂದು ಸಲ್ಲೇಖನವನ್ನು ಸ್ವೀಕರಿಸಿ ದೇಹವನ್ನು ಬಿಟ್ಟಳು. ಪತಿಯಿಂದ ಬಂದ ಸ್ಥಾನವನ್ನು ಮೊದಲು ಒಪ್ಪಿಸಿದಳು, ಆಮೇಲೆ ದೇಹವನ್ನು. ಎರಡನ್ನೂ ಆಕೆ ತನ್ನದೆಂದು ತಿಳಿದಿರಲಿಲ್ಲ.

ಪರ್ಯುಷಣದಲ್ಲಿ ಸತ್ಯಧರ್ಮವನ್ನು ಪೂಜಿಸುವಾಗ, ಸುಳ್ಳು ಹೇಳಿದುದು ಯಾವಾಗ ಎಂದು ಶ್ರಾವಕನು ನೆನಪಿಸಿಕೊಳ್ಳುವುದುಂಟು. ಅದರ ಜೊತೆಗೆ ತನ್ನ ಕಪಾಟಿನಲ್ಲಿ ಯಾರ ವಹಿ ಇದೆ, ಅದನ್ನು ತೆರೆದು ಎಷ್ಟು ವರ್ಷವಾಯಿತು, ಅದನ್ನು ಕೇಳಬೇಕಾದವನಿಗೆ ಈಗ ಎಷ್ಟು ವಯಸ್ಸು ಎಂಬುದನ್ನೂ ನೆನೆದರೆ ಪೂಜೆ ಪೂರ್ಣವಾದೀತು. ನೆನೆದ ಮೇಲೆ ಎದ್ದು ಕಪಾಟು ತೆರೆಯುವ ಸನ್ಮತಿ ಸರ್ವರಿಗೂ ಉಂಟಾಗಲಿ.

ಜೈ ಜಿನೇಂದ್ರ.